ಶಾಲೆಯ ಮೆಟ್ಟಿಲ ಮೇಲೊಂದು ರಂಗೋಲಿ

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಾಲೆಯ ಮೆಟ್ಟಿಲಿಗೆ ಬಿಸಿನೀರು ಸುರಿದು ಕಾಂತಾಮಣಿ ಗಸಗಸ ತಿಕ್ಕುತ್ತಿದ್ದಾರೆ. ಮಕ್ಕಳು ಬರುವಷ್ಟರಲ್ಲಿ ಹಿಂಬಾಗಿಲಿನಿಂದ ಮಾಯವಾಗಬೇಕು. ಹಾಗೆಂದು ಶಾಲೆಯೇನೂ ಹೇಳಿಲ್ಲ; ಇಲ್ಲಿಯೇ ಏಳನೇ ತರಗತಿ ಓದುವ ಮಗಳು ಮೇಘಾ ಹೇಳಿದ್ದಾಳೆ.

ಬಾಗಲಕೋಟೆಯ ಕಾಂತಾಮಣಿ ಇಲ್ಲಿಗೆ ಬಂದದ್ದು ಜರ್ಮನ್ ಸರ್ಕಾರ ಕೊಟ್ಟ ಗ್ರೀನ್ ಕಾರ್ಡಿನ ಎಂಜಿನಿಯರ್ ದುಂಡಪ್ಪನವರ ಹೆಂಡತಿಯಾಗಿ, ಠೀವಿಯಿಂದಲೇ. ಕಳೆದ ವರ್ಷ ಗಂಡನ ಕಂಪನಿ ಬಾಗಿಲು ಹಾಕಿತು. ಅವರು ಕೆಲಸ ಹುಡುಕುತ್ತ ಊರೂರು ಅಲೆಯುವಾಗ ಇವರು ಈ ಶಾಲೆಯಲ್ಲಿ ಪೊರಕೆ ಹಿಡಿದರು. "ನಮ್ಮ ಮಂದಿ ಮುಂದ ಹೇಳಾಕ ನಾಚಿಕಿ ಬರ್ತದರೀ. ಊರಾಗ ನಮ್ಮನಿ ಕಸಾ ಹೊಡ್ಯಾಕೇ ಆಳು ಬರ್ತಿದ್ಲು," ಎನ್ನುತ್ತಾರೆ.

ಮೇಘಾಳ ತರಗತಿಗೆ ಈ ಸಲ ಹಳೆಯದೊಂದು ಇಂಗ್ಲಿಷ್ ಕಾದಂಬರಿ. ಊರವರ ಬಟ್ಟೆ ಒಗೆದು ಸಾಕಿದ ತಾಯಿಯ ಮಗನ ಬಾಲ್ಯದ ಕತೆ. ಸಂಜೆ ಅಮ್ಮ ರೊಟ್ಟಿ ಬಡಿಯುವಾಗ ಮಗಳು ಅದನ್ನು ಹೇಳುತ್ತಾಳೆ. ಹುಡುಗ ಹಸಿದು ಮಲಗಿದರೆ ಇಬ್ಬರ ಕಣ್ಣೂ ತುಂಬುತ್ತವೆ. ಆದರೆ ಶಾಲೆಗೆ ಬುತ್ತಿ ತಂದ ತಾಯಿಯನ್ನು ಆ ಹುಡುಗ ಗೆಳೆಯರೆದುರು ಗುರುತಿಲ್ಲವೆಂದ ಪುಟ ಬಂದ ದಿನ ಮೇಘಾ ಪುಸ್ತಕ ಮುಚ್ಚಿದಳು.

"ಮುಂದ ಏನಾತು?"

"ಹೋಂವರ್ಕ್ ಐತಿ, ಮಮ್ಮಿ," ಎಂದು ಎದ್ದುಹೋದಳು.

ಯುಗಾದಿಯ ಬೆಳಗ್ಗೆ ಎಡವಟ್ಟಾಯಿತು. ಮೆಟ್ಟಿಲು ಒಣಗಿದ್ದೇ ತಡ, ಕಾಂತಾಮಣಿ ಸೀಮೆಸುಣ್ಣ ತಂದು ಬಾಗಿಲೆದುರು ಪುಟ್ಟ ರಂಗೋಲಿ ಹಾಕಿಬಿಟ್ಟರು. "ಹಬ್ಬದ ದಿನಾ ತೊಳದ ಹೊಸ್ತಲಾ ಬರೇ ಹೆಂಗ ಬಿಡೂದ್ರೀ? ಎಲ್ಲಿ ಅದೀನಿ ಅನ್ನೂದೇ ಮರ್ತೆ." ಹೊರಡುವುದೂ ತಡವಾಯಿತು. ಮಕ್ಕಳು ರಂಗೋಲಿಗೆ ಮುತ್ತಿಕೊಂಡದ್ದನ್ನು ಅರೆ ತೆರೆದ ಗಾಜಿನ ಬಾಗಿಲಾಚೆಯಿಂದ ಕಂಡು ಅವರಿಗೆ ಹಿಗ್ಗೋ ಹಿಗ್ಗು. ಇದು ನಿಮ್ಮ ದೇಶದ್ದಲ್ಲವೇ, ಯಾರು ಬರೆದರು ಎಂದು ಗೆಳತಿಯೊಬ್ಬಳು ಮೇಘಾಳನ್ನು ಕೇಳಿದಳು. ನನಗೇನು ಗೊತ್ತು ಎಂದು ಜರ್ಮನ್‌ನಲ್ಲಿ ಹೇಳಿದ ಮೇಘಾ, ನಡುವಿನ ಹೂವನ್ನು ಬೂಟಿನಿಂದ ಒರೆಸಿ ಒಳಗೆ ಬಂದಳು. ಕಾಂತಾಮಣಿ ಓಡಿ ಕಂಬದ ಹಿಂದೆ ನಿಂತರು.

"ಆಕಿ ಸಣ್ಣಾಕಿ. ನಾ ಕಳ್ಳರಂಗ ನಿಂತು ನೋಡಿದ್ನಲ್ಲಾ, ಅದಕ್ಕ ನಾಚಿಕಿ ಆಗ್ತದ," ಎನ್ನುತ್ತಾರೆ. ಅಂದು ಹೋಳಿಗೆ ಬಡಿಸುವಾಗಲೂ ಮಗಳ ಮುಖ ನೋಡಲಾಗಲಿಲ್ಲವಂತೆ.

ಈಗ ಅವರಿಗಿರುವ ಆಸೆ ಒಂದೇ: ತಾನು ಕಂಡದ್ದು ಮಗಳಿಗೆ ಎಂದೂ ತಿಳಿಯಬಾರದು. ಹಾಗಾದರೆ ಪತ್ರಿಕೆಗೆ ಬರೆಯುವುದು ಬೇಡವೇ ಎಂದು ಕೇಳಿದರೆ, ಒದ್ದೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹರವುತ್ತಾರೆ.

"ಬರೀರಿ. ಆಕಿಗೆ ಕನ್ನಡಾ ಓದಾಕ ಬರೂದಿಲ್ಲ. ನಾನೇ ಕಲಿಸಲಿಲ್ಲ."