ಹುಣಸೆಮರದ ಬಳಿ ನಿಲ್ಲುತ್ತಿದ್ದ ಜೀಪು

ರೇಡಿಯೇಟರ್ ತೂತಾಗಿರಬಹುದು. ಫ್ಯಾನಿನ ಬೆಲ್ಟು ಹರಿದಿರಬಹುದು. ಪೆಟ್ರೋಲಿನಲ್ಲಿ ಯಾರಾದರೂ ಸೀಮೆಎಣ್ಣೆ ಬೆರೆಸಿರಬಹುದು. ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಕುದ್ದು ಆವಿಯಾಗಿರಬಹುದು. ಯುದ್ಧದಲ್ಲಿ ಈ ಜೀಪಿನೊಳಗೇ ಯಾರೋ ಸತ್ತಿರಬಹುದು. ಇಷ್ಟನ್ನೂ ನಾನು ಆದವಾನಿ ಬಿಡುವ ಮುಂಚೆಯೇ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಎಂದೂ ತಡಮಾಡಿದವನಲ್ಲ.

ಸೈನ್ಯದವರು ಹರಾಜು ಹಾಕಿದ ಆ ಜೀಪನ್ನು, ನಾನು ಗುಮಾಸ್ತನಾಗಿದ್ದ ಹತ್ತಿ ಜಿನ್ನಿನ ಕಾರ್ಖಾನೆಯ ಸಾಹುಕಾರರು ಕೊಂಡಿದ್ದರು. ಎರೆಹೊಲದ ಬಂಡಿದಾರಿಯಲ್ಲೂ ಅದು ಓಡುತ್ತಿತ್ತು. ಆದರೆ ಪೆದ್ದಹರಿವಾಣದ ಕಡೆ ಹೊರಟರೆ ಮಾತ್ರ ಒಂದು ಒಂಟಿ ಹುಣಸೆಮರದ ಹತ್ತಿರ ನಿಂತುಬಿಡುತ್ತಿತ್ತು. ನಾನು ಹಿಂದೆ ಹೋದ ಎರಡು ಸಲವೂ ಅದೇ ಮರ. ಅರ್ಧ ತಾಸು ಬಿಟ್ಟರೆ, ಯಾರೋ ಅಪ್ಪಣೆ ಕೊಟ್ಟ ಹಾಗೆ, ಮತ್ತೆ ಹೊರಡುತ್ತಿತ್ತು. ಕುರಿ ಕಾಯುವವರು ನಡುಮಧ್ಯಾಹ್ನ ಆ ನೆರಳಿಗೆ ಕುರಿ ಬಿಡುತ್ತಿರಲಿಲ್ಲ.

ಮೂರನೆಯ ಸಲ ಕಾಯುವ ಹಾಗಿರಲಿಲ್ಲ. ಪೆದ್ದಹರಿವಾಣದ ತವರಿನಲ್ಲಿ ನನ್ನ ಹೆಂಡತಿ ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ಕೂಸು ಅಡ್ಡ ತಿರುಗಿದೆಯೆಂದು ಸೂಲಗಿತ್ತಿ ಆಳು ಕಳಿಸಿದ್ದಳು. ಆದವಾನಿಯ ನರ್ಸಮ್ಮನನ್ನು ಕೂರಿಸಿಕೊಂಡೆವು. ಆ ಅವಸರದಲ್ಲೂ, ಈ ದಾರಿಗೆ ಹೊರಟಾಗ ಮಾತ್ರ ಪ್ರತಿಸಲ ಮಾಡುತ್ತಿದ್ದ ಜೀಪಿನ ಪೂಜೆಯನ್ನು ನಾನು ಬಿಡಲಿಲ್ಲ. ಎಂಜಿನ್ನು, ನಾಲ್ಕು ಚಕ್ರ, ಡ್ರೈವರನ ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಎಲ್ಲದಕ್ಕೂ ಎಣ್ಣೆಯಲ್ಲಿ ಕಲಸಿದ ಕುಂಕುಮ.

“ಸಾಕು ಬಿಡ್ರಿ ಆಚಾರ್ರೆ, ಗಾಡಿಗೆ ಮದುವಿ ಮಾಡ್ತೀರೇನು?” ಅಂದ ಡ್ರೈವರ್ ಸಾಹೇಬ.

ಮರದ ಹತ್ತಿರ ಬಂದೊಡನೆ ಜೀಪು ಎರಡು ಸಲ ಕೆಮ್ಮಿ ನಿಂತಿತು.

ಸುತ್ತ ಒಂದು ಹಕ್ಕಿಯೂ ಇರಲಿಲ್ಲ. ದೂರದ ಬಂಡೆಗುಡ್ಡಗಳು ಬಿಸಿಲಿನಲ್ಲಿ ನೆಲ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತಿದ್ದವು. ಗಾಳಿಯೇ ಇಲ್ಲ, ಆದರೂ ಮರದ ತುದಿಯಲ್ಲಿ ಒಂದೇ ಒಂದು ಟೊಂಗೆ ಅಲುಗುತ್ತಿತ್ತು. ಬಾನೆಟ್ಟಿನ ಕೆಳಗೆ ಏನೋ ಗುಳುಗುಳು ಎನ್ನುತ್ತಿತ್ತು, ಯಾರೋ ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ.

“ಪೆಟ್ರೋಲು ಕುದ್ದೈತ್ರಿ,” ಎಂದ ಡ್ರೈವರ್. ನಾವು ಕುಡಿಯುವ ನೀರಿನಲ್ಲಿ ತನ್ನ ಟವಲು ತೋಯಿಸಿ, ಎಂಜಿನ್ನಿಗೆ ಪೆಟ್ರೋಲು ಎಳೆಯುವ ಪಂಪಿನ ಮೇಲೆ ಹೊದಿಸಿದ. ಹೊಗೆಯಂಥ ಆವಿ ಎದ್ದಿತು. ಪಂಪು ತಣ್ಣಗಾಯಿತು. ಗಾಡಿ ಹಿಡಿಯಲಿಲ್ಲ.

“ಅರ್ಧ ತಾಸು ನೋಡೂಣ.”

“ಹೊಟ್ಟ್ಯಾಗಿನ ಕೂಸು ಅರ್ಧ ತಾಸು ನಿಲ್ತೈತೇನಪ್ಪ?” ಎಂದಳು ನರ್ಸಮ್ಮ.

ಡ್ರೈವರ್ ದನಿ ತಗ್ಗಿಸಿದ. “ಕುದ್ದಿದ್ದಷ್ಟೇ ಆಗಿದ್ರ ಈಗ ಹಿಡೀಬೇಕಿತ್ತು. ಇದು ಬ್ಯಾರೇನೋ ಐತ್ರಿ.”

ಮೂರನೆಯ ಸಲ ಬಂದವರಿಂದ ಆ ಮರ ಏನು ಕೇಳುತ್ತದೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಎರಡು ಜೀವ. ತಾಯಿಯದು, ಕೂಸಿನದು.

ಪೆಟ್ರೋಲು ಉಳಿದಿದೆಯೋ ಇಲ್ಲವೋ ನೋಡಲು ಅವನು ಸೀಟು ಎತ್ತಿ ಮುಚ್ಚಳ ತಿರುಗಿಸಿದ.

ಉಸಿರು ಕೇಳಿಸಿತು. ಹೊರಗೆ ಬಿಟ್ಟದ್ದಲ್ಲ, ಒಳಕ್ಕೆ ಎಳೆದುಕೊಂಡದ್ದು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಎದ್ದು ಎಳೆದುಕೊಳ್ಳುವಂಥದು. ಡ್ರೈವರನ ಕೈ ಅಲ್ಲೇ ನಿಂತಿತು. ನನ್ನ ಕೈ ಮಾತ್ರ ನಿಂತಿರಲಿಲ್ಲ.

“ಸೆರಗು ಬಿಡ್ರಿ ಆಚಾರ್ರೆ,” ಎಂದಳು ನರ್ಸಮ್ಮ. “ದಯ್ಯಂ ಲೇದು, ಏಮೀ ಲೇದು. ದೆವ್ವಾನೂ ಇಲ್ಲ, ಏನೂ ಇಲ್ಲ. ಹಾಲಿನ ಸೀಸೇದಾಗ ಗಾಳಿ ತೂತು ಮುಚ್ಚಿದ್ರ, ಕೂಸು ಎಷ್ಟು ಚೀಪಿದ್ರೂ ಹಾಲು ಬರಂಗಿಲ್ಲ. ಈ ಟ್ಯಾಂಕಿಗೂ ಉಸಿರು ಕಟ್ಟೈತಿ. ಊರಿಂದ ಇಲ್ಲೀತನಕ ಬರೋದ್ರಾಗ ಒಳಗಿನ ಗಾಳಿ ತೀರ್ತೈತಿ, ಅರ್ಧ ತಾಸು ನಿಂತ್ರ ಸಂದಿಯಿಂದ ಮತ್ತ ತುಂಬ್ತೈತಿ, ಅಷ್ಟ. ಮುಚ್ಚಳ ಸಡ್ಲ ಇಟ್ಟು ನಡೀರಿ.”

ಒಂದೇ ತಿರುವಿಗೆ ಎಂಜಿನ್ ಹಿಡಿಯಿತು. ನಾನು ತಿರುಗಿ ನೋಡಿದೆ. ಟೊಂಗೆ ಅಲುಗುತ್ತಲೇ ಇತ್ತು.

ಪೆದ್ದಹರಿವಾಣ ಮುಟ್ಟಿದೊಡನೆ ನರ್ಸಮ್ಮ ಕೈ ತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಡತಿಯ ನರಳಾಟ ನಡುವೆ ಒಮ್ಮೆ ಪೂರ್ತಿ ನಿಂತುಹೋಯಿತು. ನಾನು ಬಾಗಿಲಿಗೆ ಕಿವಿ ಕೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಅದೇ ಸದ್ದು, ಒಳಕ್ಕೆ ಎಳೆದ ಒಂದು ಉಸಿರು. ಅದರ ಹಿಂದೆಯೇ ಅಳು. ಹೆಣ್ಣು ಕೂಸು. “ತಾಯೀನೂ ಚಲೋ ಅದಾಳ,” ಎಂದು ನರ್ಸಮ್ಮ ಒಳಗಿನಿಂದಲೇ ಕೂಗಿದಳು.

ಅಂಗಳದಲ್ಲಿ ಡ್ರೈವರ್ ಟ್ಯಾಂಕಿನ ಮುಚ್ಚಳವನ್ನು ಬಿಸಿಲಿಗೆ ಹಿಡಿದು, ನಡುವೆ ಇದ್ದ ಸಾಸಿವೆಯಷ್ಟು ತೂತಿಗೆ ಸೂಜಿ ಚುಚ್ಚುತ್ತಿದ್ದ. ಏನೋ ಉದುರಿತು. ಅವನು ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ.

“ನೋಡ್ರಿ ಆಚಾರ್ರೆ, ನಿಮ್ಮ ದೆವ್ವ.”

ಎಣ್ಣೆಯಲ್ಲಿ ಗಟ್ಟಿಯಾದ ಒಂದು ಹರಳು ಕುಂಕುಮ.