ಮೊಟ್ಟೆ ಬಿಟ್ಟು ಹಾರಿದ ನವಿಲು

ಗೆಳೆಯರೇ, ಇವತ್ತು ಬೆಳಗ್ಗೆ ಚನ್ನಗಿರಿ ಊರಂಚಿನ ಟ್ರೀ ಪಾರ್ಕಿನಲ್ಲಿ ನನ್ನ ಬಾಯಿಂದಲೇ ಒಂದು ಅನಾಹುತವಾಯಿತು.

ಅಲ್ಲಿನ ಕಾಲುದಾರಿಯ ಪಕ್ಕ, ಲಂಟಾನ ಪೊದೆಯ ಬುಡದಲ್ಲಿ ಹೆಣ್ಣು ನವಿಲೊಂದು ಕಾವಿಗೆ ಕೂತಿತ್ತು. ಅದು ನನಗೂ, ನನ್ನ ಜೊತೆ ವಾಕಿಂಗ್ ಬರುವ ಪಕ್ಕದ ಮನೆಯ ಗಿರಿಜಕ್ಕನಿಗೂ ಮಾತ್ರ ಗೊತ್ತಿತ್ತು. ದಿನಾ ನೋಡಿಯೂ ನೋಡದವರಂತೆ ಮುಂದೆ ಹೋಗುತ್ತಿದ್ದೆವು.

ಇವತ್ತು ಒಂದು ಸಂಸಾರ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಬಂತು. ನನಗೆ ತಡೆಯಲಾಗಲಿಲ್ಲ.

“ರೀ, ಸೌಂಡ್ ಕಡಿಮೆ ಮಾಡ್ರಿ. ಅಲ್ಲಿ ನವಿಲು ಮೊಟ್ಟೆ ಮೇಲೆ ಕುಂತೈತೆ” ಎಂದೆ.

ಆ ಯಜಮಾನರು ಪಾಪ, ತಕ್ಷಣ ಹಾಡು ನಿಲ್ಲಿಸಿದರು. “ಹೌದೇನ್ರೀ? ಎಲ್ಲೈತೆ?” ಎಂದು ಪಿಸುಗುಟ್ಟಿ, ಹೆಂಡತಿ ಮಕ್ಕಳನ್ನು ಕೈಸನ್ನೆ ಮಾಡಿ ಕರೆದರು. ಎಲ್ಲರೂ ತುದಿಗಾಲಲ್ಲಿ ಬಂದರು. ಅವರು ಬಗ್ಗಿ ನೋಡುವುದನ್ನು ಕಂಡು ಹಿಂದೆ ಬರುತ್ತಿದ್ದವರೂ ಸೇರಿಕೊಂಡರು. ಯಾರೂ ತುಟಿ ಬಿಚ್ಚಲಿಲ್ಲ, ಮೊಬೈಲುಗಳನ್ನು ಮಾತ್ರ ಪೊದೆಯೊಳಗೆ ಚಾಚಿದರು. ನವಿಲು ದಡಬಡನೆ ಎದ್ದು ಹಾರಿಹೋಯಿತು.

“ಅಯ್ಯೋ, ನಾವು ಸದ್ದೇ ಮಾಡ್ಲಿಲ್ವಲ್ರೀ” ಎಂದು ಯಜಮಾನರು ಪೇಚಾಡಿಕೊಂಡರು.

ಎಲ್ಲರನ್ನೂ ಕಳಿಸಿ, ನಾನೂ ಗಿರಿಜಕ್ಕನೂ ದೂರದ ಬೆಂಚಿನಲ್ಲಿ ಬಿಸಿಲೇರುವವರೆಗೂ ಕಾದೆವು. ಅದು ಬರಲಿಲ್ಲ. ಸಂಜೆ ಮತ್ತೆ ಹೋದಾಗಲೂ ಮೊಟ್ಟೆಗಳಿದ್ದವು, ತಾಯಿ ಇರಲಿಲ್ಲ.

“ಹಾಡು ಹಾಕ್ಕಂಡು ಅವರ ಪಾಡಿಗೆ ಅವರು ಹೋಗ್ತಿದ್ರು. ನೀನ್ಯಾಕೆ ಹೇಳಾಕೆ ಹೋದೆ?” ಎಂದರು ಗಿರಿಜಕ್ಕ.

ನಿಜ. ಆ ಹಾಡಿಗೆ ನವಿಲು ಕತ್ತು ಕೂಡ ತಿರುಗಿಸಿರಲಿಲ್ಲ. ಕಿರಿಕಿರಿಯಾಗಿದ್ದು ನನಗೆ.