ಅವ್ವನ ಫೋಟೋದಲ್ಲಿನ ರೊಟ್ಟಿ ಚೂರು

ನಮ್ಮವ್ವನದು ಒಂದೇ ಒಂದು ಫೋಟೋ ಇದೆ. ನಲವತ್ತರ ದಶಕದಲ್ಲಿ ವಿಜಾಪುರದ ಸೊಲ್ಲಾಪುರ ರಸ್ತೆಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಹಿಂದಿನ ಪರದೆಯ ಮೇಲೆ ಅರಮನೆಯ ಮೆಟ್ಟಿಲು, ಮುಂದೆ ಕೆತ್ತನೆಯ ಕುರ್ಚಿ, ಎರಡೂ ಸ್ಟುಡಿಯೋದವು. ಉಳಿದದ್ದೆಲ್ಲ ಅವ್ವನದು: ಇಳಕಲ್ ಸೀರೆ, ಖಣದ ಕುಪ್ಪಸ, ತೊಡೆಯ ಮೇಲೆ ಕೌದಿ, ಪಕ್ಕದ ಸ್ಟೂಲಿನ ಮೇಲೆ ಬೆಳ್ಳನೆಯ ಒಂದು ಚೂರು.

ಆ ಚೂರಿಗಾಗಿ ಅಂದು ನಾನು ಅವ್ವನ ಜೊತೆ ಜಗಳಕ್ಕೆ ನಿಂತಿದ್ದೆ.

ನಾನಾಗ ಏಳನೆಯ ಕ್ಲಾಸಿನ ಮುಲ್ಕಿ ಪರೀಕ್ಷೆ ಪಾಸಾಗಿ ಬಬಲೇಶ್ವರದ ಹೆಣ್ಣುಮಕ್ಕಳ ಸಾಲೆಗೆ ಅಕ್ಕೋರಾಗಿ ಹೊರಟವಳು. ತಿಕೋಟಾದ ನಮ್ಮ ಓಣಿಯಲ್ಲಿ ನೌಕರಿ ಹಿಡಿದ ಮೊದಲ ಹೆಣ್ಣು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಿನ ನನ್ನ ಬಿಡಾರದ ಗೋಡೆಗೆ ಅವ್ವನ ಫೋಟೋ ಬೇಕಿತ್ತು, ಅದೂ ಅಕ್ಕೋರ ತಾಯಿಗೆ ತಕ್ಕಂಥದ್ದು. ಅವ್ವನಿಗೆ ಅಕ್ಷರ ಬಾರದು. ಅದು ಯಾರಿಗೂ ಗೊತ್ತಾಗಬಾರದೆಂದು ಸ್ಟುಡಿಯೋದವನ ದಪ್ಪ ಪುಸ್ತಕವೊಂದನ್ನು ಇಸಿದುಕೊಂಡು ಅವಳ ಕೈಗಿಟ್ಟೆ.

ಅವ್ವ ಅದನ್ನು ನನಗೇ ತಿರುಗಿ ಕೊಟ್ಟು ತಾನು ತಂದ ಗಂಟು ಬಿಚ್ಚಿದಳು. ಹಳೆ ಬಟ್ಟೆಯ ತುಣುಕು ಕೂಡಿಸಿ ನನಗಾಗಿ ಹೊಲಿದ ಕೌದಿ. ನಾನು ಅಲ್ಲಿಂದಲೇ ಬಬಲೇಶ್ವರದ ದಾರಿ ಹಿಡಿಯುವವಳು, ಒಂದು ಮೂಲೆ ಇನ್ನೂ ಹೊಲಿಯುವುದಿತ್ತು. ಆ ಕೊನೆಯ ಮೂಲೆಯೊಳಗೆ ರೊಟ್ಟಿ ಚೂರಿಟ್ಟು ಹೊಲಿಗೆ ಮುಗಿಸುವುದು ನಮ್ಮಲ್ಲಿ ಪದ್ಧತಿ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು. ಅವ್ವ ರೊಟ್ಟಿ ಚೂರನ್ನು ಸ್ಟೂಲಿನ ಮೇಲಿಟ್ಟು ಸೂಜಿಗೆ ದಾರ ಪೋಣಿಸಿದಳು.

ಫೋಟೋದವನು ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, “ಯವ್ವಾ, ಆ ರೊಟ್ಟಿ ತೆಗೀರಿ, ಫೋಟೋದಾಗ ಬರತೈತಿ” ಅಂದ.

“ಬರ್ಲಿ ಬಿಡಪ್ಪಾ.”

ನಾನು ಸಿಡುಕಿದೆ. “ಮಂದಿ ನಗತಾರ ಬೇ! ಪುಸ್ತಕ ಹಿಡಕೋ.”

“ಪುಸ್ತಕ ನೀ ಹಿಡಿ, ಕಲತಾಕಿ ನೀನು. ನಾ ಮಾಡಿದ್ದು ಇದು. ನಾ ಬೇಕಂದ್ರ ಹಿಂಗ ತಗಸು. ಇಲ್ಲಂದ್ರ ಆ ಪುಸ್ತಕದ್ದ ತಗಸಿ ಗ್ವಾಡಿಗೆ ಹಾಕ್ಕೋ.”

ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ನಾಟಿತು. “ಹಂಗ ಫೋಟೋ ತಗೀರಿ” ಅಂತ ಅವನಿಗೆ ಹೇಳಿ ಮುಖ ತಿರುಗಿಸಿ ನಿಂತೆ.

ಫೋಟೋದಲ್ಲಿ ಬಣ್ಣವಿಲ್ಲದಿದ್ದರೂ ಕೌದಿಯ ತುಣುಕೆಲ್ಲ ನನಗೆ ಗುರುತು. ಬೆಳ್ಳಗಿರುವುದು ಅಪ್ಪನ ರುಮಾಲು. ಚೌಕಡಿಯದು ನಾನು ಸಾಲೆಗೆ ಉಡುತ್ತಿದ್ದ ಪರಕಾರ. ನಟ್ಟನಡುವೆ ಕರ್ರಗೆ ಬಂದಿರುವುದು ಅವ್ವನ ಮದುವೆ ಸೀರೆಯ ಸೆರಗು. ಆಗಿನ ಫೋಟೋಗಳಲ್ಲಿ ಕೆಂಪು ಕರ್ರಗೇ ಬರುತ್ತಿತ್ತು. ಅಂಥ ಸೆರಗಿಗೆ ನನ್ನ ಸಲುವಾಗಿ ಕತ್ತರಿ ಹಾಕಿದ್ದಳು.

ಇಷ್ಟಿದ್ದೂ ಫೋಟೋ ಕೈಗೆ ಬಂದಾಗ ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಸುಳ್ಳೇಕೆ ಹೇಳಲಿ, ನಾಚಿಕೆಯಾಗಿತ್ತು.

ಒಂದು ದಿನ ಟ್ರಂಕು ತೆರೆದಿಟ್ಟಾಗ ನನ್ನ ಸಾಲೆಯ ಹುಡುಗಿಯೊಬ್ಬಳ ತಾಯಿ ಮಜ್ಜಿಗೆ ಕೊಡಲು ಬಂದಳು. ಬಗ್ಗಿ ಫೋಟೋ ಎತ್ತಿಕೊಂಡಳು. ಅರಮನೆ ನೋಡಲಿಲ್ಲ, ಕುರ್ಚಿ ನೋಡಲಿಲ್ಲ. ನೆಟ್ಟಗೆ ಆ ಚೂರಿನ ಮೇಲೆ ಬೆರಳಿಟ್ಟಳು.

“ಕೌದಿ ಹೊಟ್ಟಿ ತುಂಬಸಾಕತ್ತಾರಲ್ರಿ! ಎಷ್ಟ ಸಣ್ಣ ಹೊಲಿಗಿ! ಇಂಥಾ ಕೈ ಯಾರದ್ರಿ ಅಕ್ಕೋರ?”

ಓಣಿಗೆಲ್ಲ ಕೇಳುವಂತೆ, ಹಾಜರಿ ಕೂಗುವ ದನಿಯಲ್ಲಿ ಹೇಳಿದೆ: “ನಮ್ಮವ್ವಂದು ರೀ!”

ಆಕೆ ಹೊರಬೀಳುವ ಮೊದಲೇ ಗೋಡೆಗೆ ಮೊಳೆ ಹೊಡೆದಿದ್ದೆ.